ಅಂಬಾಸಿಡರ್ ಬಾಗಿಲು ಡೌನ್ ಆದಾಗ ನಾನು ಮಾಡಿದ್ದು

ಹಳೇ ಕಾರಿನ ಬಾಗಿಲು ಜೋತು ಬಿದ್ದಿದೆ ಅಂದರೆ ಸಾಕು, ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಸ್ಕ್ರೂಡ್ರೈವರ್ ಹೋಗುವುದು ಪಿಲ್ಲರ್ (ಬಾಗಿಲ ಪಕ್ಕದ ಕಂಬ) ಮೇಲಿನ ಲಾಕ್ ಪ್ಲೇಟಿಗೆ, ಅಂದರೆ ಬಾಗಿಲ ಲಾಕ್ ಸಿಕ್ಕಿಕೊಳ್ಳುವ ತಗಡಿಗೆ. ಅದನ್ನು ಸ್ವಲ್ಪ ಕೆಳಗಿಳಿಸಿ, ಬಾಗಿಲು ಮುಚ್ಚಿ ತೋರಿಸಿ, 'ಆಯ್ತು ನೋಡಿ ಸಾರ್' ಅನ್ನುತ್ತಾರೆ. ಬಾಗಿಲು ಮುಚ್ಚುವುದೇನೋ ನಿಜ. ಆದರೆ ಇಳಿದದ್ದು ಇಳಿದೇ ಇರುತ್ತದೆ. ನನ್ನ 1984 ರ ಮಾರ್ಕ್ 4 ಅಂಬಾಸಿಡರ್ ಕೈಗೆ ಬಂದಾಗ ಡ್ರೈವರ್ ಬಾಗಿಲಿನ ಪ್ಲೇಟು ಇಳಿಯುವಷ್ಟೂ ಇಳಿದಿತ್ತು. ಇನ್ನು ಸರಿಸಲು ಜಾಗವೇ ಇರಲಿಲ್ಲ. ಬಾಗಿಲನ್ನು ಕೈಯಲ್ಲಿ ಎತ್ತಿ ಹಿಡಿದು ಬಡಿಯಬೇಕಿತ್ತು.

ಡ್ರೈವರ್ ಬಾಗಿಲೇ ಯಾಕೆ ಜಾಸ್ತಿ ಇಳಿಯುತ್ತದೆ? ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರಾದರೂ ಹಳೇ ಕಾರು ರಿವರ್ಸ್ ತೆಗೆಯುವುದನ್ನು ನೋಡಿ. ಬಾಗಿಲು ಅರ್ಧ ತೆರೆದು, ಅದರ ಮೇಲೆ ಮೈಭಾರ ಬಿಟ್ಟು, ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿರುತ್ತಾರೆ. ಇಳಿಯುವಾಗಲೂ ಬಾಗಿಲನ್ನೇ ಹಿಡಿದು ಏಳುವುದು. ಆ ಭಾರವೆಲ್ಲ ಹೋಗುವುದು ಬಾಗಿಲನ್ನು ಪಿಲ್ಲರಿಗೆ ಹಿಡಿದಿಡುವ ಎರಡು ಹಿಂಜಸ್‌ಗೆ. ಮೇಲಿನದನ್ನು ಬಾಗಿಲು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಹಿಂಜಸ್ ಹತ್ತಿರ ಒಂದು ಮಿಲಿಮೀಟರ್ ಸಡಿಲವಾದರೂ ಲಾಕ್ ತುದಿಯಲ್ಲಿ ಅದು ಎರಡರಷ್ಟೋ ಇನ್ನೂ ಹೆಚ್ಚೋ ಆಗಿ ಕಾಣುತ್ತದೆ.

ನಾನು ಮೊದಲು ಲಾಕ್ ಪ್ಲೇಟನ್ನು ಬಿಚ್ಚಿ ಪಕ್ಕಕ್ಕಿಟ್ಟೆ, ಬಾಗಿಲ ಅಂಚಿನ ಬೀಡಿಂಗ್ ರಬ್ಬರ್ ಕೂಡ ಕಿತ್ತೆ. ಪ್ಲೇಟು ಬಾಗಿಲನ್ನು ಎತ್ತಿ ಹಿಡಿದಿರುತ್ತದೆ, ರಬ್ಬರ್ ಹೊರಕ್ಕೆ ತಳ್ಳುತ್ತಿರುತ್ತದೆ. ಇವೆರಡೂ ಇದ್ದರೆ ಬಾಗಿಲು ನಿಜವಾಗಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕಾರು ಸಮ ನೆಲದ ಮೇಲೆ, ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಆಮೇಲೆ ಬಾಗಿಲು ಅರ್ಧ ತೆರೆದು, ಲಾಕ್ ತುದಿಯನ್ನು ಎರಡೂ ಕೈಯಲ್ಲಿ ಮೇಲೆ-ಕೆಳಗೆ ಆಡಿಸಿದೆ. ತಮ್ಮ ಟಾರ್ಚ್ ಹಿಡಿದು ಹಿಂಜಸ್ ನೋಡುತ್ತಿದ್ದ.

ಅಲ್ಲಿ ಏನು ಅಲುಗುತ್ತದೆ ಅನ್ನುವುದೇ ಮುಖ್ಯ. ಹಿಂಜಸ್‌ನ ಎರಡು ಎಲೆಗಳ ನಡುವೆ ಅಲುಗಿದರೆ ಪಿನ್ ಸವೆದಿದೆ. ಎಲೆ ಪಿಲ್ಲರ್ ಮೇಲೆಯೇ ಸರಿದರೆ ಬೋಲ್ಟ್ ಸಡಿಲ, ಇಲ್ಲವೇ ಪಿಲ್ಲರ್ ತಗಡು ಬಿರುಕು ಬಿಟ್ಟಿದೆ. ಏನೂ ಅಲುಗದೆ ಗ್ಯಾಪ್ ಮಾತ್ರ ಸೊಟ್ಟಗಿದ್ದರೆ ಬಾಡಿಯನ್ನೇ ಅನುಮಾನಿಸಬೇಕು. ಅಂಬಾಸಿಡರ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ತುಕ್ಕು ತಿಂದರೆ ಕಾರು ನಡುವೆ ಬಗ್ಗುತ್ತದೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಹಲಗೆ ಕೊಟ್ಟು ಅಲ್ಲಿ ಮೆಲ್ಲಗೆ ಜಾಕ್ ಎತ್ತಿ, ಬಾಗಿಲ ಗ್ಯಾಪ್ ಬದಲಾಗುತ್ತದಾ ನೋಡಿ. ಬದಲಾದರೆ ಹಿಂಜಸ್ ಮುಟ್ಟಿ ಪ್ರಯೋಜನವಿಲ್ಲ, ಮೊದಲು ವೆಲ್ಡಿಂಗ್ ಕೆಲಸ. ಅಯಸ್ಕಾಂತವನ್ನೂ ಓಡಿಸಿ. ಅದು ಹಿಡಿಯದ ಕಡೆ ಒಳಗಿರುವುದು ಬರೀ ಪುಟ್ಟಿ!

ನನ್ನ ಕಾರಿನಲ್ಲಿ ರನ್ನಿಂಗ್ ಬೋರ್ಡ್ ಗಟ್ಟಿಯಿತ್ತು. ತೊಂದರೆ ಇದ್ದದ್ದು ಮೇಲಿನ ಹಿಂಜಸ್‌ನಲ್ಲಿ. ಹಿಂದಿನ ದಿನ ಎಣ್ಣೆ ಬಿಟ್ಟು ನೆನೆಸಿ, ಬಾಗಿಲ ಕೆಳಗೆ ಚೀಲ ಸುತ್ತಿದ ಮರದ ತುಂಡು ಆನಿಸಿ, ಪಂಚ್ ಇಟ್ಟು ಪಿನ್ ಹೊಡೆದು ತೆಗೆದೆ. ಒರೆಸಿ ನೋಡಿದರೆ ಎರಡು ಕಡೆ ಸಣ್ಣ ಮೆಟ್ಟಿಲು ಬಿದ್ದಿತ್ತು. ಉಗುರು ಇಟ್ಟು ಎಳೆದರೆ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದೇ ಕಡೆ ಹೊಳಪು, ಇನ್ನೊಂದು ಕಡೆ ಕಪ್ಪು ಗ್ರೀಸ್ ಒಣಗಿ ಅಂಟಿತ್ತು.

ಅಂಬಾಸಿಡರ್ ತಯಾರಾಗುತ್ತಿದ್ದ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಂತಿದ್ದು 2014 ರಲ್ಲಿ. ಈಗ ಸಿಗುವ ಬಿಡಿಭಾಗ ಹೇಗಿರುತ್ತದೋ ಹೇಳಲಾಗದು. ಅದಕ್ಕೇ ನಾನು ಹೋದದ್ದು ಲೇತ್ ಅಂಗಡಿಗೆ. ಪಕ್ಕದ ಹರಿಹರದಲ್ಲಿ 1941 ರಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಮಾಡುತ್ತಿತ್ತು. ಕಂಪನಿ ಮುಚ್ಚಿ ಎಷ್ಟೋ ವರ್ಷವಾದರೂ ಅದರ ಮಷಿನ್ನು ಈ ಅಂಗಡಿಯಲ್ಲಿ ಇನ್ನೂ ತಿರುಗುತ್ತಿದೆ. 'ಇದೇ ಅಳತೆಗೆ ಪಿನ್ ಮಾಡಿಕೊಡಿ' ಅಂದೆ. ಮೇಸ್ತ್ರಿ ಹಿಂಜಸ್ ಎತ್ತಿ ಬೆಳಕಿಗೆ ಹಿಡಿದರು. 'ಪಿನ್ ಅಷ್ಟೇ ಹಾಕಿದ್ರೆ ಏನ್ ಬಂತ್ರಿ? ತೂತು ಮೊಟ್ಟೆ ಆಗೇತಿ ನೋಡ್ರಿ.' ಹೌದು, ತೂತು ಕೂಡ ಒಂದು ಕಡೆಗೆ ಸವೆದಿತ್ತು. ತೂತು ಹೆರೆಯುವ ರೀಮರ್ ಹಾಕಿ ಗುಂಡಗೆ ಮಾಡಿ, ಅದಕ್ಕೆ ತಕ್ಕ ದಪ್ಪದ ಪಿನ್ನನ್ನು ಇಎನ್ 8 ಅನ್ನುವ ಉಕ್ಕಿನ ರಾಡಿನಿಂದ ತಿರುಗಿಸಿಕೊಟ್ಟರು. ಕೈಯಲ್ಲಿ ತಳ್ಳಿದರೆ ಹೋಗಬಾರದು, ಮರದ ಸುತ್ತಿಗೆಯ ಮೆಲು ಪೆಟ್ಟಿಗೆ ಹೋಗಬೇಕು, ಅಷ್ಟು ಟೈಟು.

ಹಿಂಜಸ್ ನಡುವೆ ಮರದ ತುಂಡು ಇಟ್ಟು ಬಾಗಿಲನ್ನು ಒತ್ತಿ ಬಗ್ಗಿಸುವ ಪದ್ಧತಿ ಒಂದಿದೆ. ಬೇಗ ಆಗುತ್ತದೆ, ಆದರೆ ಪಿಲ್ಲರ್ ತಗಡು ಹಳೆಯದಾಗಿದ್ದರೆ ಅಲ್ಲೇ ಹರಿಯುತ್ತದೆ. ನನಗೆ ಅದು ಬೇಡ ಅನಿಸಿತು.

ಜೋಡಿಸುವಾಗ ಮೊದಲು ಹಿಂದಿನ ಬಾಗಿಲ ಗ್ಯಾಪ್ ನೋಡಿ. ಅದರ ಹಿಂದಿನ ತಗಡು ಸರಿಸಲು ಬರುವುದಿಲ್ಲ, ಹಾಗಾಗಿ ಅಲ್ಲಿಂದ ಮುಂದಕ್ಕೆ ಬರಬೇಕು. ಹಿಂಜಸ್ ಸುತ್ತ ಮೊದಲೇ ಗೀರು ಹಾಕಿಕೊಂಡು, ಒಂದು ಹಿಂಜಸ್ ಮಾತ್ರ ಸಡಿಲಿಸಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಬಾಗಿಲು ಎಲ್ಲಿತ್ತು ಅನ್ನುವ ಲೆಕ್ಕವೇ ಹೋಗುತ್ತದೆ. ಪಿನ್ ಹೊಸದಾದ ಮೇಲೂ ನನ್ನ ಬಾಗಿಲ ಹಿಂತುದಿ ಕೂದಲೆಳೆಯಷ್ಟು ಕೆಳಗಿತ್ತು. ಕೆಳಗಿನ ಹಿಂಜಸ್ ಹಿಂದೆ ತೆಳು ತಗಡಿನ ತುಂಡು ಕೊಟ್ಟೆ. ಬಾಗಿಲಿನ ಕೆಳಭಾಗ ಹಿಂದಕ್ಕೆ ಸರಿದು, ಹಿಂತುದಿ ತಾನಾಗಿ ಮೇಲೆದ್ದಿತು.

ಬಾಗಿಲ ತಳದ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿಕೊಂಡೆ. ಲಾಕ್ ಪ್ಲೇಟು ಎಲ್ಲಕ್ಕಿಂತ ಕೊನೆಗೆ, ಬಾಗಿಲು ತಾನಾಗಿ ನಿಂತ ಎತ್ತರಕ್ಕೆ. ಹೊಸ ಬೀಡಿಂಗ್ ಸ್ವಲ್ಪ ದಪ್ಪ ಇರುತ್ತದೆ, ಶುರುವಿನಲ್ಲಿ ಬಾಗಿಲು ಬಿಗಿ ಅನಿಸುತ್ತದೆ. ಅದಕ್ಕಾಗಿ ಮತ್ತೆ ಹಿಂಜಸ್‌ಗೆ ಕೈ ಹಾಕಬೇಡಿ. ಕಾರನ್ನು ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದರೆ ರಬ್ಬರ್ ಕೂರುತ್ತದೆ.