ಚಿಕ್ಕಪ್ಪನ ಅಂಗಡಿ ಫೋನನ್ನು ಮತ್ತೆ ಚುರುಕು ಮಾಡಿದ್ದು

ಫೋನ್ ಸ್ಲೋ ಆಯಿತು ಅಂದ ಕೂಡಲೇ ಎಲ್ಲರೂ ರ‍್ಯಾಮ್ ಸಾಲುತ್ತಿಲ್ಲ ಅನ್ನುತ್ತಾರೆ. ಓಡುತ್ತಿರುವ ಆ್ಯಪುಗಳು ಕೂರುವ ತಾತ್ಕಾಲಿಕ ಜಾಗ ಅದು. ಫೋಟೋ, ಫೈಲು, ಆ್ಯಪುಗಳು ಉಳಿದುಕೊಳ್ಳುವ ಜಾಗ ಸ್ಟೋರೇಜ್. ಮನೆಯವರ, ನೆಂಟರ ಫೋನುಗಳನ್ನು ಬಹಳ ವರ್ಷದಿಂದ ನಾನೇ ನೋಡಿಕೊಡುತ್ತಾ ಬಂದಿದ್ದೇನೆ. ಹಳೇ ಆಂಡ್ರಾಯ್ಡ್ ಫೋನು ಒದ್ದಾಡುವುದಕ್ಕೆ ನಾನು ಕಂಡ ಕಾರಣ ಹೆಚ್ಚಾಗಿ ಸ್ಟೋರೇಜ್ ತುಂಬಿರುವುದು. ಚಿಕ್ಕಪ್ಪನ ಫೋನಿನಲ್ಲಿ ಆಗಿದ್ದೂ ಅದೇ.

ಚಿಕ್ಕಪ್ಪನದು ಸಾಗರದಲ್ಲಿ ದಿನಸಿ ಅಂಗಡಿ. ಫೋನು 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜಿನದು. ಗಿರಾಕಿಗಳು ಸಾಮಾನಿನ ಚೀಟಿ ಬರೆದು, ಫೋಟೋ ಹೊಡೆದು ವಾಟ್ಸಾಪಿಗೆ ಕಳಿಸುತ್ತಾರೆ. ಹೋಲ್‌ಸೇಲಿನವರ ಬಿಲ್ಲು, ರೇಟ್ ಪಟ್ಟಿ ಬರುವುದೂ ಅಲ್ಲಿಗೇ. ಅವರಿಗೆ ದುಡ್ಡು ಹೋಗುವುದು ಯುಪಿಐನಲ್ಲಿ. ಅಂದರೆ ಅರ್ಧ ಅಂಗಡಿ ಆ ಫೋನಿನಲ್ಲೇ ನಡೆಯುತ್ತದೆ. ಯುಪಿಐ ಆ್ಯಪ್ ತೆರೆದುಕೊಳ್ಳುವವರೆಗೆ ಮಾಲು ಇಳಿಸಿದ ಹುಡುಗ ಕಾಯುತ್ತಾ ನಿಲ್ಲಬೇಕಿತ್ತು. "ಸಾಕಾಯ್ತು ಮಾರಾಯ, ಹೊಸದೇ ತಗೊಳ್ತೀನಿ" ಅಂದರು ಚಿಕ್ಕಪ್ಪ. ಹೊಸ ಫೋನಿಗೆ ಹತ್ತು ಹನ್ನೆರಡು ಸಾವಿರ ಬೇಕು. ಅಂಗಡಿಯಲ್ಲಿ ಅಷ್ಟು ಲಾಭ ಸುಮ್ನೆ ಬರುವುದಿಲ್ಲ ಅಲ್ವಾ? ತೊಂದರೆ ಎಲ್ಲಿದೆ ಅಂತ ಒಂದು ಸಲ ನೋಡುತ್ತೇನೆ, ಆಮೇಲೆ ಬೇಕಾದರೆ ತಗೊಳ್ಳಿ ಅಂದೆ.

ನಾನು ಯಾವಾಗಲೂ ಮೊದಲು ಮಾಡುವುದು ಸೇಫ್ ಮೋಡ್ ಪರೀಕ್ಷೆ. ಪವರ್ ಬಟನ್ ಒತ್ತಿದಾಗ ಪವರ್ ಆಫ್ ಅಂತ ಬರುತ್ತದಲ್ಲ, ಅದನ್ನೇ ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಸೇಫ್ ಮೋಡಿಗೆ ಹೋಗಬೇಕಾ ಅಂತ ಕೇಳುತ್ತದೆ. ಅದರಲ್ಲಿ ನಾವು ಹಾಕಿಕೊಂಡ ಆ್ಯಪುಗಳೆಲ್ಲ ಬಂದ್ ಆಗಿರುತ್ತವೆ. ಆಗ ಫೋನು ಚೆನ್ನಾಗಿ ಓಡಿದರೆ ತಪ್ಪು ಯಾವುದೋ ಆ್ಯಪಿನದು. ಚಿಕ್ಕಪ್ಪನ ಫೋನು ಸೇಫ್ ಮೋಡಿನಲ್ಲಿ ಸ್ವಲ್ಪ ಹಗುರಾಯಿತು. ಆದರೂ ಕ್ಯಾಮೆರಾದಲ್ಲಿ ಫೋಟೋ ಹೊಡೆದರೆ ಅದು ಸೇವ್ ಆಗಲು ತಡವರಿಸುತ್ತಿತ್ತು. ಅಲ್ಲಿಗೆ ಆ್ಯಪುಗಳ ಕಾಟವೂ ಇದೆ, ಸ್ಟೋರೇಜಿನ ಕಾಟವೂ ಇದೆ ಅಂತ ಗೊತ್ತಾಯಿತು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದೆ. ಉಳಿದ ಜಾಗ 1 ಜಿಬಿಗಿಂತಲೂ ಕಡಿಮೆ.

ಜಾಗ ತುಂಬಿದರೆ ಹೊಸ ಫೋಟೋಗೆ ಜಾಗ ಇರುವುದಿಲ್ಲ, ಸರಿ. ಆದರೆ ಫೋನು ಯಾಕೆ ನಿಧಾನ ಆಗಬೇಕು? ಚಿಕ್ಕಪ್ಪನೂ ಇದನ್ನೇ ಕೇಳಿದರು. ಫೋನಿನೊಳಗಿರುವುದು ಫ್ಲ್ಯಾಶ್ ಮೆಮೊರಿ. ಅದರಲ್ಲಿ ಹಳೆಯದರ ಮೇಲೇ ಹೊಸದನ್ನು ಬರೆಯಲು ಆಗುವುದಿಲ್ಲ. ಮೊದಲು ಒಂದು ಇಡೀ ಬ್ಲಾಕನ್ನು ಅಳಿಸಬೇಕು, ಆಮೇಲೆ ಬರೆಯಬೇಕು. ಆ ಬ್ಲಾಕಿನಲ್ಲಿ ಬೇಕಾದ ಡೇಟಾ ಇನ್ನೂ ಇದ್ದರೆ ಅದನ್ನು ಮೊದಲು ಬೇರೆ ಕಡೆ ಸಾಗಿಸಬೇಕು. ಗೋದಾಮಿನಲ್ಲಿ ಜಾಗ ಇದ್ದರೆ ಬಂದ ಅಕ್ಕಿ ಮೂಟೆಯನ್ನು ಸೀದಾ ಒಳಗೆ ಇಡಬಹುದು. ತುಂಬಿದ್ದರೆ ಒಂದು ಮೂಟೆ ಇಡಲು ಹತ್ತು ಮೂಟೆ ಜರುಗಿಸಬೇಕು. ಹೀಗೆ ಹೇಳಿದ ಮೇಲೆ ಅವರು ಮತ್ತೆ ಕೇಳಲಿಲ್ಲ. ನಾವು ಫೋನ್ ಮುಟ್ಟದಿದ್ದಾಗಲೂ ಆ್ಯಪುಗಳು ಒಳಗೊಳಗೆ ಏನಾದರೂ ಬರೆಯುತ್ತಲೇ ಇರುತ್ತವೆ. ಪ್ರತಿ ಬರಹಕ್ಕೂ ಇಷ್ಟು ಕೆಲಸ ಅಂದರೆ ಇಡೀ ಫೋನು ತಡೆದು ತಡೆದು ನಡೆಯುತ್ತದೆ. ಕಡಿಮೆ ಬೆಲೆಯ ಹಳೇ ಫೋನುಗಳಲ್ಲಿ ಇರುವುದು ಇಎಂಎಂಸಿ ಅನ್ನುವ ಸ್ಟೋರೇಜ್. ದುಬಾರಿ ಫೋನುಗಳ ಯುಎಫ್ಎಸ್‌ಗಿಂತ ಅದು ಮೊದಲೇ ನಿಧಾನ, ಹಾಗಾಗಿ ಪೆಟ್ಟು ಜಾಸ್ತಿ.

ಇನ್ನೊಂದು ವಿಷಯವೂ ಹೊರಬಿತ್ತು. ಚಿಕ್ಕಪ್ಪ ರಾತ್ರಿ ಫೋನನ್ನು ಸ್ವಿಚ್ ಆಫ್ ಮಾಡಿ ಮಲಗುತ್ತಾರೆ. ನಾವು ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಅಂತ ಸ್ಟೋರೇಜಿಗೆ ತಿಳಿಸುವ ಟ್ರಿಮ್ ಅನ್ನುವ ಕೆಲಸವನ್ನು ಆಂಡ್ರಾಯ್ಡ್ ತಾನೇ ಮಾಡಿಕೊಳ್ಳುತ್ತದೆ. 2013ರ ಆಂಡ್ರಾಯ್ಡ್ 4.3ರಿಂದ ಈ ಏರ್ಪಾಡು ಇದೆ. ಆದರೆ ಅದು ನಡೆಯುವುದು ಫೋನು ಆನ್ ಆಗಿದ್ದು, ಯಾರೂ ಬಳಸದೆ, ಚಾರ್ಜಿಗೆ ಇದ್ದಾಗ. ದಿನಾ ರಾತ್ರಿ ಆಫ್ ಮಾಡಿ, ಹಗಲೆಲ್ಲ ಬಳಸುವ ಫೋನಿಗೆ ಆ ಹೊತ್ತು ಸಿಗುವುದೇ ಕಷ್ಟ. ಕರೆ ಬರಬಾರದು ಅಂತಿದ್ದರೆ ಡು ನಾಟ್ ಡಿಸ್ಟರ್ಬ್ ಹಾಕಿ, ಆನ್ ಆಗಿಯೇ ಚಾರ್ಜಿಗೆ ಇಡಿ ಅಂದೆ.

ಇನ್ನು ಜಾಗ ಖಾಲಿ ಮಾಡುವ ಕೆಲಸ. ಅಂಗಡಿ ಫೋನಿನಲ್ಲಿ ಕಣ್ಣು ಮುಚ್ಚಿ ಅಳಿಸುವ ಹಾಗಿಲ್ಲ. ಬಿಲ್ಲಿನ ಒಂದು ಫೋಟೋ ಹೋದರೂ ಲೆಕ್ಕ ತಪ್ಪುತ್ತದೆ. ಮೊದಲು ಹೋಲ್‌ಸೇಲಿನವರ ಚಾಟುಗಳಲ್ಲಿದ್ದ ಬಿಲ್ಲುಗಳನ್ನು ಗೂಗಲ್ ಡ್ರೈವ್‌ನ ಒಂದು ಫೋಲ್ಡರಿಗೆ ಹಾಕಿದೆ. ಉಚಿತವಾಗಿ ಸಿಗುವ 15 ಜಿಬಿ ಬಿಲ್ಲುಗಳಿಗೆ ಧಾರಾಳ ಸಾಕು. ಆಮೇಲೆ ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮ್ಯಾನೇಜ್ ಸ್ಟೋರೇಜ್ ತೆರೆದೆ. 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಅಂತ ಅದೇ ಬೇರೆ ಬೇರೆ ಮಾಡಿ ತೋರಿಸುತ್ತದೆ. ಎರಡನ್ನೂ ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅಳಿಸಿದೆ. ಹೆಚ್ಚಿನವು ಗುಂಪುಗಳಿಂದ ಬಂದ ವಿಡಿಯೋಗಳು, ಹೂವು ದೇವರ ಚಿತ್ರದ ಶುಭೋದಯಗಳು. ಇದು ಅವರೊಬ್ಬರ ಫೋನಿನ ಕಥೆಯೂ ಅಲ್ಲ. ಭಾರತದಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳಿಂದ ಫೋನುಗಳು ತುಂಬುತ್ತಿರುವುದನ್ನು ಗೂಗಲ್‌ನವರು ಪತ್ತೆ ಮಾಡಿದ್ದು 2018ರ ಆರಂಭದಲ್ಲೇ ದೊಡ್ಡ ಸುದ್ದಿಯಾಗಿತ್ತು. ಅವರ ಫೈಲ್ಸ್ ಆ್ಯಪಿಗೆ ಅಂಥ ಚಿತ್ರಗಳನ್ನು ಹುಡುಕುವುದನ್ನೂ ಕಲಿಸಿದ್ದರು.

ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಮೂರು ಮೂಲೆ ಇವೆ. ಒಂದು, ವಾಟ್ಸಾಪ್ ಮೀಡಿಯಾದೊಳಗಿನ ಸೆಂಟ್ ಫೋಲ್ಡರು. ನಾವು ಗ್ಯಾಲರಿಯಿಂದ ಕಳಿಸಿದ ಚಿತ್ರಕ್ಕೆ ಅಲ್ಲಿ ಇನ್ನೊಂದು ಪ್ರತಿ ಕೂತಿರುತ್ತದೆ. ಎರಡು, ಡೇಟಾಬೇಸಸ್ ಫೋಲ್ಡರು. ಹಿಂದಿನ ಕೆಲವು ದಿನಗಳ ಚಾಟ್ ಬ್ಯಾಕಪ್ ಅಲ್ಲಿ ಸಾಲಾಗಿ ಇರುತ್ತದೆ. ಹೆಸರಿನಲ್ಲಿ ತಾರೀಖು ಇರುವ ಹಳೆಯವನ್ನು ತೆಗೆದು, ಇತ್ತೀಚಿನದನ್ನು ಬಿಟ್ಟೆ. ಆಂಡ್ರಾಯ್ಡ್ 11ರ ನಂತರ ಈ ಫೋಲ್ಡರುಗಳು ಆಂಡ್ರಾಯ್ಡ್ ಅನ್ನುವ ಫೋಲ್ಡರಿನ ಒಳಗಿನ ಮೀಡಿಯಾದಲ್ಲಿ ಇರುತ್ತವೆ, ಹೊರಗಡೆ ಹುಡುಕಿದರೆ ಸಿಗುವುದಿಲ್ಲ. ಮೂರನೆಯದು ಕಸದ ಬುಟ್ಟಿ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ್ದು ಬ್ಯಾಕಪ್ ಆಗಿದ್ದರೆ 60 ದಿನ, ಆಗಿಲ್ಲದಿದ್ದರೆ 30 ದಿನ ಅದರ ಬಿನ್‌ನಲ್ಲಿ ಇರುತ್ತದೆ. ಬಿನ್ ಖಾಲಿ ಮಾಡುವವರೆಗೆ ಅಳಿಸಿದ್ದಕ್ಕೆ ಪೂರ್ತಿ ಫಲ ಸಿಗುವುದಿಲ್ಲ.

ಮತ್ತೆ ತುಂಬಬಾರದು ಅಂದರೆ ವಾಟ್ಸಾಪಿನ ಆಟೋ ಡೌನ್‌ಲೋಡ್ ನಿಲ್ಲಿಸಬೇಕು. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಗುರುತು ತೆಗೆದೆ. ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಅದು ಗ್ಯಾಲರಿಯಲ್ಲಿ ಕಾಣದ ಹಾಗೆ ಮಾಡುತ್ತದೆ ಅಷ್ಟೇ, ಫೈಲು ಫೋನಿನಲ್ಲೇ ಇರುತ್ತದೆ. ಈಗ ಗಿರಾಕಿಯ ಚೀಟಿ ಬಂದರೆ ಚಿಕ್ಕಪ್ಪ ಅದನ್ನು ಒತ್ತಿ ಇಳಿಸಿಕೊಳ್ಳಬೇಕು. ಒಂದು ಒತ್ತು ಜಾಸ್ತಿ ಆಯಿತು, ಅವರಿಗೆ ಅದೇನೂ ಭಾರ ಆಗಲಿಲ್ಲ.

ಆ್ಯಪುಗಳ ಕಡೆ ಬಂದರೆ, ಮೊದಲು ತೆಗೆದದ್ದು ಫೋನ್ ಚುರುಕು ಮಾಡುತ್ತೇವೆ ಅನ್ನುವ ಕ್ಲೀನರ್, ಬೂಸ್ಟರ್ ಆ್ಯಪುಗಳನ್ನೇ. ಇವುಗಳ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಇವು ತಾವೇ ಹಿಂದೆ ಓಡುತ್ತಾ ರ‍್ಯಾಮ್ ತಿನ್ನುತ್ತವೆ, ಜಾಹೀರಾತು ತೋರಿಸುತ್ತವೆ. ಉಳಿದ ಆ್ಯಪುಗಳನ್ನು ಕೊಂದು, ಇಷ್ಟು ಎಂಬಿ ಉಳಿಸಿದೆವು ಅನ್ನುತ್ತವೆ. ಆಂಡ್ರಾಯ್ಡ್ ಈಚೆಗೆ ಬಳಸಿದ ಆ್ಯಪುಗಳನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವುದು ಬೇಕೆಂದೇ, ಮತ್ತೆ ತೆರೆದಾಗ ಬೇಗ ಬರಲಿ ಅಂತ. ಜಾಗ ಬೇಕಾದಾಗ ತಾನೇ ತೆಗೆದುಹಾಕುತ್ತದೆ. ಕೊಂದ ಆ್ಯಪು ಪ್ರತಿ ಸಲ ಮೊದಲಿಂದ ಏಳಬೇಕು, ಅದಕ್ಕೆ ಹೊತ್ತೂ ಬೇಕು, ಬ್ಯಾಟರಿಯೂ ಬೇಕು. ರೀಸೆಂಟ್ಸ್, ಅಂದರೆ ಈಚೆಗೆ ಬಳಸಿದ ಆ್ಯಪುಗಳ ಪಟ್ಟಿ ತೆರೆದು ಎಲ್ಲವನ್ನೂ ತಳ್ಳಿಹಾಕುವ ಅಭ್ಯಾಸವೂ ಇದೇ ಜಾತಿ. ಚಿಕ್ಕಪ್ಪ ಪ್ರತಿ ಸಲ ದುಡ್ಡು ಕಳಿಸಿದ ಮೇಲೆ ಹಾಗೆ ಮಾಡುತ್ತಿದ್ದರು. ಹ್ಯಾಂಗ್ ಆದ ಆ್ಯಪನ್ನು ಮಾತ್ರ ತಳ್ಳಿ, ಉಳಿದವನ್ನು ಬಿಡಿ ಅಂದೆ.

ಫೋನಿನ ಜೊತೆಗೇ ಬಂದ, ಅಳಿಸಲು ಬಾರದ ಆ್ಯಪುಗಳಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿದೆ. ಲಾಕ್ ಸ್ಕ್ರೀನಿನಲ್ಲಿ ದಿನಾ ಬದಲಾಗುವ ಚಿತ್ರಗಳನ್ನು ನಿಲ್ಲಿಸಿದೆ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿರುವ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಅನಿಮೇಷನ್ ಸ್ಕೇಲ್ ಅಂತ ಮೂರು ಇವೆ, ಎಲ್ಲವನ್ನೂ 1ರಿಂದ 0.5ಕ್ಕೆ ಇಳಿಸಿದೆ. ಇದರಿಂದ ಪ್ರೊಸೆಸರ್ ವೇಗ ಏನೂ ಹೆಚ್ಚುವುದಿಲ್ಲ, ಪರದೆಗಳು ಬೇಗ ತೆರೆದುಕೊಳ್ಳುತ್ತವೆ. ಬಳಸುವವರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಆ ಪುಟದಲ್ಲಿ ಬೇರೆ ಯಾವುದನ್ನೂ ಮುಟ್ಟಬೇಡಿ.

ಎಲ್ಲ ಮುಗಿದಾಗ 11 ಜಿಬಿಯಷ್ಟು ಖಾಲಿ ಸಿಕ್ಕಿತ್ತು. ಯುಪಿಐ ಆ್ಯಪು ಈಗ ಒತ್ತಿದ ಕೂಡಲೇ ತೆರೆಯುತ್ತದೆ, ಕ್ಯಾಮೆರಾ ತಡೆಯುವುದಿಲ್ಲ. ಯೂಟ್ಯೂಬ್ ನೋಡಿ ವಾಟ್ಸಾಪಿಗೆ ಬಂದರೆ ಮಾತ್ರ ಸ್ವಲ್ಪ ಕಾಯಬೇಕು. ಅದು 3 ಜಿಬಿ ರ‍್ಯಾಮಿನ ಮಿತಿ, ಸೆಟ್ಟಿಂಗಿನಿಂದ ಸರಿಹೋಗುವಂಥದ್ದಲ್ಲ.

ಫ್ಯಾಕ್ಟರಿ ರೀಸೆಟ್ ಮಾಡಲಿಲ್ಲ, ಬೇಕಾಗಲಿಲ್ಲ. ಮಾಡುವವರು ವಾಟ್ಸಾಪ್ ಬ್ಯಾಕಪ್ ಜೊತೆಗೆ ಗೂಗಲ್ ಖಾತೆಯ ಪಾಸ್‌ವರ್ಡ್ ಗೊತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್ ಒಳಗಿನಿಂದ ಖಾತೆ ತೆಗೆಯದೆ ಅಳಿಸಿದ ಫೋನು ಆಮೇಲೆ ಅದನ್ನೇ ಕೇಳಿ ಕೂರಬಹುದು. ಯುಪಿಐ ಕೂಡ ಮತ್ತೆ ಸಿಮ್ಮಿನಿಂದ ಎಸ್‌ಎಂಎಸ್ ಕಳಿಸಿ ನೋಂದಣಿ ಆಗಬೇಕು. ಅದಕ್ಕೆ ಅಂಗಡಿ ತೆರೆದಿರುವ ಹೊತ್ತು ಬೇಡ.

ಒಂದು ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ. ಆ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತುಹೋಗಿದೆ. ದುಡ್ಡಿನ ವ್ಯವಹಾರ ಮಾಡುವ ಫೋನಿಗೆ ಇದು ಸಣ್ಣ ಮಾತಲ್ಲ. ಸದ್ಯಕ್ಕೆ ಯುಪಿಐಗೆ ಬೇರೆಯೇ ಒಂದು ಖಾತೆ ಜೋಡಿಸಿ, ವಾರದ ಖರ್ಚಿಗೆ ಬೇಕಾದಷ್ಟು ದುಡ್ಡನ್ನು ಮಾತ್ರ ಅದರಲ್ಲಿ ಇಡುತ್ತಿದ್ದಾರೆ. ಮುಂದಿನ ಫೋನು ತಗೊಳ್ಳುವಾಗ 128 ಜಿಬಿಗಿಂತ ಕಡಿಮೆ ಬೇಡ, ಯುಎಫ್ಎಸ್ ಸ್ಟೋರೇಜ್ ಇರಲಿ, ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಅಂತ ಕೇಳಿಯೇ ತಗೊಳ್ಳಿ ಅಂತ ಬರೆದು ಕೊಟ್ಟಿದ್ದೇನೆ.