ನಾಲ್ಕು-ಮೂರು ಫಿಟ್‌ನಲ್ಲಿ ಗೇಮ್: ಕೊನೆಗೂ ಟಾಪ್ ಬಂತು

ನಮ್ಮ ಬ್ರಿಡ್ಜ್ ಕ್ಲಬ್ಬಿನಲ್ಲಿ ಮೊಯ್ಸಿಯನ್ ಫಿಟ್ (ಜೋಡಿಯ ಒಂದು ಕೈಯಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರೇ ತುರುಫು) ಎಂದರೆ ನಗುತ್ತಿದ್ದರು. ಏಳೇ ತುರುಫು ಇಟ್ಟುಕೊಂಡು ಗೇಮ್ (ಬೋನಸ್ ಸಿಗುವ ಮಟ್ಟದ ಬಿಡ್) ಹೇಳುವವನಿಗೆ ದುಡ್ಡು ಜಾಸ್ತಿಯಾಗಿದೆ ಅಂತ. ಜಾಸ್ತಿ ಏನೂ ಇರಲಿಲ್ಲ. ಒಂದು ಸೆಷನ್ನಿಗೆ ಇನ್ನೂರು ಚಿಲ್ಲರೆ, ಬಾಟಮ್ (ಅದೇ ಕೈಯನ್ನು ಬೇರೆ ಟೇಬಲ್‌ಗಳಲ್ಲಿ ಆಡಿದವರ ಪೈಕಿ ಕಡೆಯ ಸ್ಕೋರ್; ಮೊದಲಿನದು ಟಾಪ್) ಬಂದ ದಿನ ಪಾರ್ಟ್‌ನರ್‌ಗೆ ದೋಸೆ-ಕಾಫಿಯೂ ನನ್ನ ಲೆಕ್ಕಕ್ಕೇ. ವರ್ಷಕ್ಕೆ ಏನಿಲ್ಲವೆಂದರೂ ಏಳೆಂಟು ಸಾವಿರ ಹೋಗಿರಬೇಕು. "ರಾಯರೇ, ಇನ್ನು ನಾಲ್ಕು-ಮೂರಕ್ಕೆ ನನ್ನನ್ನ ಎಳೀಬೇಡಿ" ಅಂತ ಪಾರ್ಟ್‌ನರ್ ಕೈ ಮುಗಿದದ್ದೂ ಉಂಟು.

ಸೋತ ಕೈಗಳನ್ನೆಲ್ಲ ಹರಡಿಕೊಂಡು ನೋಡಿದಾಗ ಕಂಡದ್ದು ಒಂದೇ. ಎದುರಾಳಿಗಳು ತಮ್ಮ ಉದ್ದದ ಸೂಟನ್ನು ಆಡಿ ಆಡಿ ನಾಲ್ಕು ತುರುಫಿನ ಕೈಯಿಂದಲೇ ರಫ್ ಮಾಡಿಸುತ್ತಿದ್ದರು, ಅಂದರೆ ತುರುಫಿನಿಂದ ಹೊಡೆಸುತ್ತಿದ್ದರು. ಅಲ್ಲಿಗೆ ತುರುಫಿನ ಹಿಡಿತ ಹೋಯಿತು. ಅದಾದ ಮೇಲೆ, ಮೂರು ತುರುಫಿನ ಕೈಯಲ್ಲಿ ಅವರ ಸೂಟು ಗಿಡ್ಡ ಇದ್ದರೆ ಮಾತ್ರ ಹೇಳುತ್ತೇನೆ, ರಫ್ ಆ ಕೈಯಿಂದ ಆಗಲಿ ಅಂತ.

ಮೊನ್ನೆ ಬಂದ ಕೈ, ನಾನು ದಕ್ಷಿಣ, ಎರಡೂ ಕಡೆಯವರು ನಾನ್-ವಲ್ನರಬಲ್ (ಬೋನಸ್ಸೂ ದಂಡವೂ ಕಡಿಮೆ ಇರುವ ಸ್ಥಿತಿ). ನನ್ನಲ್ಲಿ ಸ್ಪೇಡ್ 8-6-3, ಹಾರ್ಟ್ ಎಕ್ಕ-ರಾಜ-ರಾಣಿ-5, ಡೈಮಂಡ್ ಎಕ್ಕ-ರಾಣಿ-10-7-4, ಕ್ಲಬ್ ಒಂಟಿ 2. ನಾನು 1 ಡೈಮಂಡ್, ಪಶ್ಚಿಮ 1 ಸ್ಪೇಡ್, ಪಾರ್ಟ್‌ನರ್ 2 ಕ್ಲಬ್, ಪೂರ್ವ 2 ಸ್ಪೇಡ್. ನಾನು 3 ಹಾರ್ಟ್ ಎಂದೆ. ಪಾರ್ಟ್‌ನರ್ ಬಿಡ್ಡಿಂಗ್ ಬಾಕ್ಸ್ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು, ಆಮೇಲೆ 4 ಹಾರ್ಟ್, ಅಂದರೆ ಹಾರ್ಟ್ ತುರುಫಿನಲ್ಲಿ ಹತ್ತು ಟ್ರಿಕ್ (ಪಟ್ಟು). ಡಮ್ಮಿ, ಅಂದರೆ ಮೇಜಿನ ಮೇಲೆ ತೆರೆದಿಡುವ ಪಾರ್ಟ್‌ನರ್ ಕೈ, ಇಳಿಯಿತು: ಸ್ಪೇಡ್ 9-5, ಹಾರ್ಟ್ ಗುಲಾಮ-10-7, ಡೈಮಂಡ್ ರಾಜ-6-3, ಕ್ಲಬ್ ಎಕ್ಕ-ರಾಣಿ-ಗುಲಾಮ-8-4.

ಪಶ್ಚಿಮ ಸ್ಪೇಡ್ ಎಕ್ಕ, ರಾಜ, ಮತ್ತೆ ಮೂರನೇ ಸ್ಪೇಡ್. ನನಗೆ ಬೇಕಾದದ್ದೂ ಅದೇ. ಡಮ್ಮಿಯ 7ರಿಂದ ಹೊಡೆದರೆ ಸಾಕು ಅನ್ನಿಸುತ್ತದೆ, ಪೂರ್ವ 2 ಸ್ಪೇಡ್ ಎಂದಿದ್ದಾನಲ್ಲ, ಅವನಲ್ಲೂ ಸ್ಪೇಡ್ ಇರಬೇಕು. ನಾನು 10 ಹಾಕಿದೆ. ಅದಕ್ಕಿಂತ ಮೇಲಿನ ಎಲೆಗಳೆಲ್ಲ ನಮ್ಮಲ್ಲೇ ಇದ್ದದ್ದರಿಂದ ಓವರ್‌ರಫ್ (ಅದಕ್ಕಿಂತ ದೊಡ್ಡ ತುರುಫಿನಿಂದ ಹೊಡೆಯುವುದು) ಸಾಧ್ಯವೇ ಇಲ್ಲ, ಖರ್ಚೂ ಇಲ್ಲ. ಆಮೇಲೆ ಗುಲಾಮಕ್ಕೆ ಕೈಯಿಂದ 5, ಡಮ್ಮಿಯ 7ನ್ನು ಎಕ್ಕದಿಂದ ಹಿಡಿದು ರಾಜ, ರಾಣಿ. ಒಟ್ಟು ನಾಲ್ಕು ಸುತ್ತು. ಆರು ತುರುಫು ಹೊರಗಿದ್ದರೆ 4-2 ಬೀಳುವುದು ಸುಮಾರು 48%, 3-3 ಬರೀ 36%. ಇಲ್ಲಿ 4-2ವೇ ಇತ್ತು, ಎಲ್ಲ ಉದುರಿದವು. ಡೈಮಂಡ್ 3-2 ಬಿದ್ದು ಐದು ಟ್ರಿಕ್, ಕ್ಲಬ್ ಎಕ್ಕ. ಹನ್ನೊಂದು ಟ್ರಿಕ್, 450.

ಹತ್ತು ಹನ್ನೆರಡು ಟೇಬಲ್ ಇದ್ದವು. ಹೆಚ್ಚಿನವರು 5 ಡೈಮಂಡ್ ಆಡಿ 400. ಇಬ್ಬರೋ ಮೂವರೋ 3 ನೋಟ್ರಂಪ್ (ತುರುಫಿಲ್ಲದ ಆಟ) ಹೇಳಿ ಸ್ಪೇಡ್‌ಗೆ ಸಿಕ್ಕಿ ಡೌನ್. ನಕ್ಕವರೊಬ್ಬರು ಸ್ಕೋರ್ ಎರಡು ಸಲ ನೋಡಿದರು. ಕಾಫಿ ದುಡ್ಡು ಅವತ್ತು ಅವರದೇ.

ಇದನ್ನೇ ಟೀಮ್ ಪಂದ್ಯದಲ್ಲೂ ಕೆಲವು ಸಲ ಮಾಡಿ ನೋಡಿದೆ, ಲಾಭವಿಲ್ಲ. 50 ಪಾಯಿಂಟ್ ವ್ಯತ್ಯಾಸಕ್ಕೆ ಸಿಗುವುದು ಎರಡೇ ಐಎಂಪಿ (ಟೀಮ್ ಪಂದ್ಯದ ಅಂಕ). ಅಲ್ಲಿ ನಾನೂ 5 ಡೈಮಂಡೇ ಹೇಳುತ್ತೇನೆ.

ಮನೆಯಲ್ಲೂ ಈಗ ಇಸ್ಪೀಟು ಎಂದು ಬೈಯುವುದು ಕಮ್ಮಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಬ್ರಿಡ್ಜ್‌ನಲ್ಲಿ ಚಿನ್ನ ತಂದದ್ದನ್ನು ನಾನು ಆಗಾಗ ನೆನಪಿಸುತ್ತಿರುತ್ತೇನೆ.

ತುರುಫು 5-1 ಬಿದ್ದರೆ ಹೇಗೆ ಆಡುತ್ತೀರಿ ಎಂದು ಕೇಳಬೇಡಿ. ಅದಕ್ಕೂ ಒಂದು ದಾರಿ ಇಟ್ಟುಕೊಂಡಿದ್ದೇನೆ, ಆದರೆ ಬುಧವಾರ ನನ್ನೆದುರು ಕೂರುವವರೂ ಇದನ್ನು ಓದುತ್ತಾರೆ.