ಸೇಂಟ್ ಲೂಸಿಯಾದಲ್ಲಿ ಒಂದು ದಿನ: ಗೈಡ್ ಟೂರ್ ನಾನು ಆರಿಸಿದ್ದು ಹೀಗೆ

ಕೆರಿಬಿಯನ್ ಕ್ರೂಸ್ ಬುಕ್ ಮಾಡುವಾಗ ಹೆಚ್ಚಿನವರು ಹಡಗು, ರೂಮು, ಊಟ ಇಷ್ಟರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಹಡಗು ನಿಲ್ಲುವ ದ್ವೀಪದಲ್ಲಿ ಏನು ಮಾಡುವುದು ಅನ್ನುವುದನ್ನು ಅಲ್ಲಿಗೆ ಹೋದ ಮೇಲೆ ನೋಡೋಣ ಅಂತ ಬಿಡುತ್ತಾರೆ. ನಾನು ಅದನ್ನೇ ಮೊದಲು ನೋಡುತ್ತೇನೆ. ಹಡಗಿನ ಊಟ ಎಲ್ಲಿಗೂ ಓಡಿಹೋಗುವುದಿಲ್ಲ. ದ್ವೀಪದಲ್ಲಿ ಸಿಗುವುದು ಏಳೆಂಟು ಗಂಟೆ ಮಾತ್ರ. ಆ ಗಂಟೆಗಳನ್ನು ವ್ಯಾನಿನ ಕಿಟಕಿಯಿಂದ ನೋಡುತ್ತಾ ಕಳೆಯಬೇಕಾ, ಇಳಿದು ಓಡಾಡುತ್ತಾ ಕಳೆಯಬೇಕಾ ಅನ್ನುವುದು ಟೂರ್ ಆರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ.

ಪುತ್ತೂರಿನಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬಂದಿದ್ದಾಗ ಪೋರ್ಟೊ ರಿಕೋದ ಸಾನ್ ಹ್ವಾನ್‌ನಿಂದ ಹೊರಡುವ ಹಡಗಿನಲ್ಲಿ ಹೋದೆವು. ನಾನು, ಗಂಡ, ಮಗಳು, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿ ನೋವು. ಜೊತೆಗೆ ಚಾರ್ಮಾಡಿ ಘಾಟಿ ಹತ್ತುವಾಗಲೇ ಅವರಿಗೆ ಹೊಟ್ಟೆ ತೊಳೆಸುತ್ತದೆ. ಅಪ್ಪನಿಗೆ ಎಪ್ಪತ್ತು ದಾಟಿದ್ದರೂ ಎಲ್ಲಿ ಬೇಕಾದರೂ ನಡೆಯುತ್ತಾರೆ, ಆದರೆ ಬೀಚು ಅಂದರೆ ಆಸಕ್ತಿಯಿಲ್ಲ. ಮಗಳಿಗೆ ಜ್ವಾಲಾಮುಖಿ ನೋಡಲೇಬೇಕು. ಎಲ್ಲರೂ ಶಾಕಾಹಾರಿಗಳು. ದಾರಿಯಲ್ಲಿ ಬರುವ ದ್ವೀಪಗಳಲ್ಲಿ ಸೇಂಟ್ ಲೂಸಿಯಾದ ಟೂರ್ ಆರಿಸಲು ನಾನು ಅತಿ ಜಾಸ್ತಿ ಸಮಯ ಕೊಟ್ಟೆ. ಕಾರಣ ಆ ದ್ವೀಪದ ರಸ್ತೆ.

ನಕ್ಷೆಯಲ್ಲಿ ನೋಡಿದರೆ ಅದೇನು ಮಹಾ ಅನ್ನಿಸುತ್ತದೆ. ಉದ್ದ ಸುಮಾರು 43 ಕಿಲೋಮೀಟರ್, ಅಗಲ ಸುಮಾರು 23. ಜನಸಂಖ್ಯೆ ಎರಡು ಲಕ್ಷವೂ ಇಲ್ಲ. ಆದರೆ ಹಡಗು ನಿಲ್ಲುವುದು ವಾಯುವ್ಯದ ಕ್ಯಾಸ್ಟ್ರೀಸ್‌ನಲ್ಲಿ. ನೋಡಬೇಕಾದ್ದೆಲ್ಲ ಇರುವುದು ನೈಋತ್ಯದ ಸೂಫ್ರಿಯೇರ್ ಸುತ್ತಮುತ್ತ. ಎರಡು ಪಿಟಾನ್ ಶಿಖರಗಳು, ಗಂಧಕದ ಬುಗ್ಗೆಗಳು, ಡೈಮಂಡ್ ಜಲಪಾತ, ಹಳೆಯ ಕೊಕ್ಕೊ ಎಸ್ಟೇಟುಗಳು ಎಲ್ಲವೂ ಅಲ್ಲೇ. ನಡುವೆ ಗುಡ್ಡ ಹತ್ತಿ ಇಳಿಯುವ ತಿರುವು ರಸ್ತೆ. ಎಲ್ಲೂ ನಿಲ್ಲದೆ ಹೋದರೂ ಒಂದೂಕಾಲು ಗಂಟೆ ಬೇಕು.

ಹಾಗಾಗಿ ನಾನು ಲೆಕ್ಕ ಶುರು ಮಾಡಿದ್ದು ಹಿಂದಿನಿಂದ. ಹಡಗು ಹೊರಡುವುದು ಸಂಜೆ ಐದಕ್ಕೆ. ಎಲ್ಲರೂ ಹತ್ತಿರಬೇಕಾದ್ದು ನಾಲ್ಕೂವರೆಗೆ. ಅಪ್ಪ ಅಮ್ಮ ಜೊತೆಗಿದ್ದಾರೆ, ಕೊನೇ ಗಳಿಗೆಯ ಓಟ ಬೇಡ, ಮೂರಕ್ಕೆ ಬಂದರಿನಲ್ಲಿರಬೇಕು. ಅಂದರೆ ಸೂಫ್ರಿಯೇರ್‌ನಿಂದ ಒಂದೂವರೆಗೆ ಹೊರಡಬೇಕು. ಬೆಳಿಗ್ಗೆ ಎಂಟಕ್ಕೆ ಹಡಗು ಬಂದರೂ ಇಳಿದು ವ್ಯಾನ್ ಹತ್ತುವಾಗ ಎಂಟೂವರೆ. ದಾರಿಯಲ್ಲಿ ಸಣ್ಣದೊಂದು ನಿಲುಗಡೆ ಸೇರಿ ಸೂಫ್ರಿಯೇರ್ ತಲುಪುವಾಗ ಹತ್ತು. ನಮಗೆ ನಿಜವಾಗಿ ಸಿಗುವುದು ಹತ್ತರಿಂದ ಒಂದೂವರೆ, ಮೂರೂವರೆ ಗಂಟೆ. ಅದರಲ್ಲೇ ಊಟವೂ ಆಗಬೇಕು.

ಈ ಲೆಕ್ಕ ಕೈಯಲ್ಲಿ ಹಿಡಿದುಕೊಂಡು ಟೂರ್‌ಗಳ ಪಟ್ಟಿ ನೋಡಿದರೆ ಅರ್ಧಕ್ಕರ್ಧ ತಾವಾಗಿಯೇ ಬಿದ್ದುಹೋಗುತ್ತವೆ. ಒಂದೇ ದಿನದಲ್ಲಿ ಒಂಬತ್ತು ಹತ್ತು ಜಾಗ ತೋರಿಸುತ್ತೇವೆ ಅನ್ನುವವರಿದ್ದರು. ಮೂರೂವರೆ ಗಂಟೆಯಲ್ಲಿ ಊಟದ ಹೊತ್ತು ಕಳೆದು ಭಾಗಿಸಿ ನೋಡಿ. ಒಂದೊಂದು ಜಾಗಕ್ಕೆ ಇಪ್ಪತ್ತು ನಿಮಿಷವೂ ಸಿಗುವುದಿಲ್ಲ. ಮಂಡಿ ನೋವಿರುವವರು ವ್ಯಾನಿನಿಂದ ಇಳಿದು ಹತ್ತುವುದಕ್ಕೇ ಅದರಲ್ಲಿ ಕಾಲು ಭಾಗ ಹೋಗುತ್ತದೆ. ನಾನು ಮೂರೇ ಜಾಗ ಅಂತ ತೀರ್ಮಾನ ಮಾಡಿದೆ: ಗಂಧಕದ ಬುಗ್ಗೆ, ಡೈಮಂಡ್ ತೋಟ ಮತ್ತು ಜಲಪಾತ, ಒಂದು ಕೊಕ್ಕೊ ಎಸ್ಟೇಟ್. ಪಿಟಾನ್‌ಗಳನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಅವು 700 ಮೀಟರಿಗೂ ಎತ್ತರವಿರುವ ಶಿಖರಗಳು, ಸಮುದ್ರದ ಅಂಚಿನಿಂದ ನೇರ ಮೇಲೆದ್ದಿವೆ. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೂಫ್ರಿಯೇರ್‌ಗೆ ಇಳಿಯುವ ದಾರಿಯಲ್ಲೇ ಕಣ್ತುಂಬ ಕಾಣುತ್ತವೆ, ಬೇರೆ ಟೂರ್ ಬೇಕಿಲ್ಲ. ಹತ್ತುವ ಆಸೆ ಇರುವವರು ಮಾತ್ರ ಗ್ರೋ ಪಿಟಾನ್‌ಗೆ ಇಡೀ ದಿನ ಮೀಸಲಿಡಬೇಕು.

ಮುಂದಿನ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಹಡಗಿನವರೇ ಮಾರುವ ಟೂರಾ, ಹೊರಗಿನ ಗೈಡಾ? ಹಡಗಿನ ಟೂರ್‌ನಲ್ಲಿ ಒಂದು ದೊಡ್ಡ ನೆಮ್ಮದಿ ಇದೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಗೊತ್ತು ಮಾಡಿಕೊಂಡ ವ್ಯಾನು ತಡವಾದರೆ ಹಡಗು ಕಾಯುವುದಿಲ್ಲ, ಮುಂದಿನ ದ್ವೀಪಕ್ಕೆ ನಿಮ್ಮ ಖರ್ಚಿನಲ್ಲೇ ಹೋಗಿ ಹತ್ತಬೇಕು. ಒಬ್ಬರೇ ಅಥವಾ ಇಬ್ಬರೇ ಹೋಗುವವರಿಗೆ, ಮೊದಲ ಸಲ ಕ್ರೂಸ್ ಮಾಡುವವರಿಗೆ ಹಡಗಿನ ಟೂರೇ ಸರಿ ಅಂತ ನಾನು ಹೇಳುತ್ತೇನೆ. ಅದಕ್ಕೆ ದರ ತಲೆಗಿಷ್ಟು ಅಂತ. ನಾವು ಐದು ಜನ. ಇಡೀ ವ್ಯಾನನ್ನು ನಮಗೆ ಮಾತ್ರ ತೆಗೆದುಕೊಂಡರೆ ಆಗುವ ಖರ್ಚು ಹಡಗಿನ ಐದು ಟಿಕೆಟಿಗಿಂತ ಕಡಿಮೆಯೇ ಇತ್ತು. ದುಡ್ಡಿಗಿಂತ ಹೆಚ್ಚಾಗಿ ನಮಗೆ ಬೇಕಿದ್ದದ್ದು ಅಮ್ಮನಿಗೆ ಸಾಕಾದಾಗ ನಿಲ್ಲಿಸುವ ಸ್ವಾತಂತ್ರ್ಯ. ನಲವತ್ತು ಜನರ ಬಸ್ಸಿನಲ್ಲಿ ಅದು ಸಿಗುವುದಿಲ್ಲ.

ದೋಣಿಯಲ್ಲಿ ಸೂಫ್ರಿಯೇರ್‌ಗೆ ಹೋಗುವ ಕಟಮರಾನ್ ಟೂರ್‌ಗಳೂ ಇವೆ. ರಸ್ತೆಯ ತಿರುವು ತಪ್ಪುತ್ತದೆ, ಸಮುದ್ರದಿಂದ ಪಿಟಾನ್ ನೋಡುವ ಸುಖವೇ ಬೇರೆ. ಆದರೆ ಅಲೆಯಲ್ಲಿ ಅಮ್ಮ ಹೇಗಿರುತ್ತಾರೋ ಅನ್ನುವ ಭಯಕ್ಕೆ ಅದನ್ನು ಬಿಟ್ಟೆ. ವಾಂತಿ ಮಾತ್ರೆ ನುಂಗಿ ಮುಂದಿನ ಸೀಟಿನಲ್ಲಿ ಕೂತರೆ ರಸ್ತೆಯೇ ವಾಸಿ.

ಆಮೇಲೆ ಗೈಡ್‌ಗಳಿಗೆ ವಾಟ್ಸಾಪ್ ಮಾಡಿದೆ. ನನ್ನ ಅನುಭವದ ಸಾರವೆಲ್ಲ ಇಲ್ಲೇ ಇದೆ. ಹೆಚ್ಚಿನವರು ಬೇಗ ಉತ್ತರ ಕೊಟ್ಟರು. "ನೋ ಪ್ರಾಬ್ಲಮ್, ಎಲ್ಲ ತೋರಿಸುತ್ತೇವೆ, ಇಷ್ಟು ಡಾಲರ್." ಒಬ್ಬರು ಮಾತ್ರ ದರ ಹೇಳುವ ಮೊದಲು ನನ್ನನ್ನೇ ಕೇಳಿದರು. ಅಪ್ಪ ಅಮ್ಮನಿಗೆ ಎಷ್ಟು ವಯಸ್ಸು? ಮೆಟ್ಟಿಲು ಹತ್ತುತ್ತಾರಾ? ಕಾರಿನಲ್ಲಿ ವಾಂತಿ ಆಗುವವರು ಯಾರಾದರೂ ಇದ್ದಾರಾ? ಹಡಗಿನ ಹೆಸರೇನು, ಎಷ್ಟು ಗಂಟೆಗೆ ಒಳಗಿರಬೇಕು? ಅವರನ್ನೇ ಗೊತ್ತು ಮಾಡಿದೆ. ನಾನು ಕೇಳುವ ಪ್ರಶ್ನೆಗಳಿಗೆ ಯಾರು ಬೇಕಾದರೂ ಹೌದು ಅನ್ನಬಹುದು. ತಿರುಗಿ ಪ್ರಶ್ನೆ ಕೇಳುವವರಿಗೆ ಆ ದಿನ ಹೇಗೆ ಸಾಗುತ್ತದೆ ಅನ್ನುವುದು ಕಣ್ಣ ಮುಂದೆ ಇರುತ್ತದೆ.

ನಾನು ಕೇಳಿದ್ದರಲ್ಲಿ ಒಂದು ಪ್ರಶ್ನೆ ಮಾತ್ರ ಎಲ್ಲರೂ ಕೇಳಲೇಬೇಕು: ಯಾವ ಜಾಗಕ್ಕೆ ಮೊದಲು ಹೋಗುತ್ತೀರಿ? ಒಳ್ಳೆಯ ಗೈಡ್ ಅತಿ ದೂರದ್ದಕ್ಕೆ ಮೊದಲು ಹೋಗಿ, ಹತ್ತಿರದ್ದನ್ನು ವಾಪಸ್ ಬರುವಾಗ ನೋಡೋಣ ಅನ್ನುತ್ತಾರೆ. ದೊಡ್ಡ ಬಸ್ಸುಗಳು ಬರುವ ಮೊದಲೇ ಅಲ್ಲಿರಬಹುದು. ಮಳೆಯೋ ಟ್ರಾಫಿಕ್ಕೋ ಆಗಿ ತಡವಾದರೆ ಹತ್ತಿರದ್ದನ್ನು ಕೈಬಿಟ್ಟು ಸೀದಾ ಬಂದರಿಗೆ ಬರಬಹುದು. ಇನ್ನು ದರ ವ್ಯಾನಿಗಾ ತಲೆಗಾ, ಪ್ರವೇಶ ಟಿಕೆಟ್ ಸೇರಿದೆಯಾ, ಹವಾಮಾನ ಕೆಟ್ಟು ಹಡಗು ಬರದೇ ಹೋದರೆ ಮುಂಗಡ ವಾಪಸ್ ಬರುತ್ತದಾ, ಇಷ್ಟನ್ನು ಬರಹದಲ್ಲೇ ಕೇಳಿಟ್ಟುಕೊಳ್ಳಿ. ಪೂರ್ತಿ ಹಣ ಮುಂಗಡ ಕೇಳಿದವರನ್ನು ನಾನು ಬಿಟ್ಟೆ. ಗಾಡಿಯ ನಂಬರ್ ಪ್ಲೇಟ್ ಟಿಎಕ್ಸ್ ಅಂತ ಶುರುವಾಗಬೇಕು, ಅಲ್ಲಿ ಲೈಸೆನ್ಸ್ ಇರುವ ಟ್ಯಾಕ್ಸಿಗೆ ಅದೇ ಗುರುತು.

ಕ್ಯಾಸ್ಟ್ರೀಸ್‌ನಲ್ಲಿ ಹಡಗು ನಿಲ್ಲುವ ಜಾಗ ಎರಡಿವೆ. ಒಂದು ಪಾಯಿಂಟ್ ಸೆರಾಫೀನ್, ಇನ್ನೊಂದು ಬಂದರಿನ ಆಚೆ ದಡದಲ್ಲಿ ಪೇಟೆಗೆ ಅಂಟಿಕೊಂಡಿದೆ. ಯಾವ ಕಡೆ ಅಂತ ಹಿಂದಿನ ದಿನ ಕೇಳಿ ಗೈಡ್‌ಗೆ ತಿಳಿಸಿದರೆ ಬೆಳಿಗ್ಗೆ ಹುಡುಕಾಟ ಇರುವುದಿಲ್ಲ. ಸಮಯದ ವಿಷಯವೂ ಒಂದಿದೆ. ಸೇಂಟ್ ಲೂಸಿಯಾದಲ್ಲಿ ವರ್ಷವಿಡೀ ಒಂದೇ ಸಮಯ. ಸಾನ್ ಹ್ವಾನ್‌ನಲ್ಲೂ ಅದೇ, ಹಾಗಾಗಿ ನಮಗೆ ತೊಂದರೆಯಿರಲಿಲ್ಲ. ಚಳಿಗಾಲದಲ್ಲಿ ಮಯಾಮಿಯಿಂದ ಹೊರಟ ಹಡಗು ತನ್ನ ಗಡಿಯಾರ ಬದಲಿಸದಿದ್ದರೆ ದ್ವೀಪಕ್ಕೂ ಹಡಗಿಗೂ ಒಂದು ಗಂಟೆ ವ್ಯತ್ಯಾಸ ಬರುತ್ತದೆ. ಫೋನು ದ್ವೀಪದ ಸಮಯ ತೋರಿಸುತ್ತದೆ, ನೀವು ನಂಬಬೇಕಾದ್ದು ಹಡಗಿನ ಸಮಯವನ್ನು. ಕೈಗಡಿಯಾರ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ಎಂಟೂವರೆಗೆ ಸರಿಯಾಗಿ ಹೊರಟೆವು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುತ್ತಾರೆ, ಅಪ್ಪನಿಗೆ ಅದನ್ನು ನೋಡಿಯೇ ಖುಷಿಯಾಯಿತು. ಪೇಟೆ ದಾಟಿದ ಕೂಡಲೇ ಮೋರ್ನ್ ಫಾರ್ಚೂನ್ ಅನ್ನುವ ಗುಡ್ಡ. ಅರ್ಥಶಾಸ್ತ್ರಕ್ಕೆ 1979ರಲ್ಲಿ ನೊಬೆಲ್ ಪಡೆದ ಆರ್ಥರ್ ಲೂಯಿಸ್, ಸಾಹಿತ್ಯಕ್ಕೆ 1992ರಲ್ಲಿ ಪಡೆದ ಡೆರೆಕ್ ವಾಲ್ಕಾಟ್, ಇಬ್ಬರ ಸಮಾಧಿಯೂ ಆ ಗುಡ್ಡದ ಮೇಲೇ ಇದೆ ಅಂದರು ನಮ್ಮ ಗೈಡೂ ಆಗಿದ್ದ ಡ್ರೈವರ್. ಇಬ್ಬರೂ ಹುಟ್ಟಿದ್ದು ಜನವರಿ 23ರಂದು. ಇಷ್ಟು ಸಣ್ಣ ದೇಶಕ್ಕೆ ಎರಡು ನೊಬೆಲ್ ಅಂತ ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆಯನ್ನು ಯಾವ ಪುಸ್ತಕವೂ ಕೊಡಲಾರದು. ಬಾಳೆ ತೋಟಗಳ ಕಣಿವೆ, ಮಾರಿಗೊ ಕೊಲ್ಲಿ ಕಾಣುವ ತಿರುವಿನಲ್ಲಿ ಹತ್ತು ನಿಮಿಷ, ಆಮೇಲೆ ಮೀನುಗಾರರ ಹಳ್ಳಿಗಳು. ತಿರುವು ಶುರುವಾದಾಗ ನಾವು ಯಾರೂ ಹೇಳದೆಯೇ ಅವರು ನಿಧಾನ ಮಾಡಿದರು.

ಮೊದಲು ಗಂಧಕದ ಬುಗ್ಗೆಗಳು. ಕಾರಿನಲ್ಲಿ ಒಳಗೇ ಹೋಗಬಹುದಾದ ಜ್ವಾಲಾಮುಖಿ ಅಂತ ಅದಕ್ಕೆ ಪ್ರಚಾರ. ಕುದಿಯುವ ಬೂದು ಕೆಸರಿನ ಗುಂಡಿಗಳು, ಬಿಳಿ ಹಬೆ, ಕೊಳೆತ ಮೊಟ್ಟೆಯ ವಾಸನೆ. ಇಲ್ಲಿ ಕೊನೆಯ ಸಲ ಹಬೆ ಸಿಡಿದದ್ದು 1766ರಲ್ಲಿ. ಕೆಳಗೆ ಹರಿಯುವ ಬಿಸಿನೀರಿನಲ್ಲಿ ಮೈಗೆ ಕೆಸರು ಹಚ್ಚಿಕೊಂಡು ಸ್ನಾನ ಮಾಡುತ್ತಾರೆ. ಇಳಿಯುವ ಮೊದಲೇ ಡ್ರೈವರ್ ಒಂದು ಮಾತು ಹೇಳಿದರು: ಬೆಳ್ಳಿ ಏನಿದ್ದರೂ ತೆಗೆದಿಡಿ, ಕಪ್ಪಾಗುತ್ತದೆ. ನೀರಿನಲ್ಲಿರುವ ಗಂಧಕದ ಅನಿಲ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಅಮ್ಮನ ಕಾಲಿನಲ್ಲಿ ಬೆಳ್ಳಿಯ ಕಾಲುಂಗುರ. "ಕಾಲುಂಗುರ ನಾನು ತೆಗೆಯುವುದಿಲ್ಲ ಮಗಾ, ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತ್ಕೊಳ್ತೇನೆ" ಅಂದರು. ಕೂರಲು ನೆರಳಿರುವ ಬೆಂಚು ಎಲ್ಲಿದೆ ಅಂತ ಡ್ರೈವರಿಗೆ ಗೊತ್ತಿತ್ತು, ಅಮ್ಮನ ಜೊತೆ ಅವರೂ ಕೂತರು. ಮಗಳಿಗೆ ಕಡುಬಣ್ಣದ ಹಳೇ ಈಜುಡುಗೆ ಹಾಕಿಸಿದ್ದೆ, ಅಲ್ಲಿನ ಕೆಸರಿನ ಕಲೆ ಹೋಗುವುದಿಲ್ಲ. ಅಂದಹಾಗೆ, ಸೈನಿಕರ ಬಟ್ಟೆಯಂಥ ಹಸಿರು ಮಚ್ಚೆಯ ಡ್ರೆಸ್ ಆ ದೇಶದಲ್ಲಿ ಹಾಕುವ ಹಾಗಿಲ್ಲ, ಕಾನೂನೇ ಇದೆ. ಮಕ್ಕಳ ಚಡ್ಡಿ ಟೋಪಿ ನೋಡಿಯೇ ಪ್ಯಾಕ್ ಮಾಡಿ.

ಡೈಮಂಡ್ ತೋಟದಲ್ಲಿ ದಾರಿ ಸಮತಟ್ಟು. ಅಮ್ಮ ಅಲ್ಲಿ ಆರಾಮವಾಗಿ ನಡೆದರು. ಖನಿಜ ತುಂಬಿದ ನೀರು ಬಂಡೆಗೆ ಹಳದಿ, ಹಸಿರು ಬಣ್ಣ ಬಳಿದಿದೆ. ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಸೈನಿಕರಿಗಾಗಿ 1784ರಲ್ಲಿ ಕಟ್ಟಿಸಿದ ಸ್ನಾನದ ಕೊಳಗಳು ಪಕ್ಕದಲ್ಲೇ ಇವೆ.

ಕೊಕ್ಕೊ ಎಸ್ಟೇಟಿಗೆ ಹೋಗುವುದು ಅಂದಾಗ ಅಪ್ಪ ಒಪ್ಪಿರಲಿಲ್ಲ. "ಇಷ್ಟು ದೂರ ಬಂದು ಕೊಕ್ಕೊ ತೋಟ ನೋಡುದಾ?" ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೊ ಇದೆ. ಹಸಿ ಬೀಜವನ್ನು ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋಗೆ ಕೊಡುತ್ತೇವೆ, ಅವರ ಚಾಕೊಲೇಟ್ ಫ್ಯಾಕ್ಟರಿ ಪುತ್ತೂರಿನಲ್ಲೇ 1986ರಿಂದ ಇದೆ. ಆದರೆ ಬೀಜ ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದನ್ನು ಅಪ್ಪ ಹತ್ತಿರದಿಂದ ನೋಡಿರಲಿಲ್ಲ. ಮೋರ್ನ್ ಕೂಬಾರಿಲ್ ಎಸ್ಟೇಟಿನಲ್ಲಿ ಅದನ್ನೇ ತೋರಿಸಿದರು. ಕಾಯಿ ಒಡೆದು, ಬಿಳಿ ತಿರುಳಿನ ಬೀಜವನ್ನು ಬಾಯಿಗೆ ಕೊಟ್ಟರು. ಬೀಜವನ್ನು ಬಾಳೆಲೆ ಮುಚ್ಚಿ ಹುಳಿ ಬರಿಸಿ, ಆಮೇಲೆ ದೊಡ್ಡ ಮರದ ತಟ್ಟೆಗಳಲ್ಲಿ ನಮ್ಮ ಅಂಗಳದ ಅಡಿಕೆಯ ಹಾಗೆ ಬಿಸಿಲಿಗೆ ಹರಡುತ್ತಾರೆ. ಮಳೆ ಬಂದರೆ ತಟ್ಟೆಗಳನ್ನು ಚಾವಣಿಯ ಕೆಳಗೆ ತಳ್ಳುತ್ತಾರೆ. ಒಣಗಿದ ಬೀಜದ ಮೇಲೆ ಬರಿಗಾಲಲ್ಲಿ ಕುಣಿದು ಹೊಳಪು ಬರಿಸುವುದು ಹಳೇ ಪದ್ಧತಿ. ಅಪ್ಪ ಒಂದು ಬೀಜವನ್ನು ಉಗುರಿನಲ್ಲಿ ಸೀಳಿ ಮೂಸಿದರು. ಕೊಳೆರೋಗಕ್ಕೆ ಏನು ಸಿಂಪಡಿಸುತ್ತೀರಿ ಅಂತ ನನ್ನ ಕೈಲಿ ಕೇಳಿಸಿದರು. ಅಲ್ಲಿನ ಕೆಲಸಗಾರನಿಗೂ ಅಪ್ಪನಿಗೂ ನಾನು ನಡುವೆ ನಿಂತು ಮಾತು ದಾಟಿಸುತ್ತಾ ನಿಂತೆ. ಹೊರಡುವ ಹೊತ್ತಾದರೂ ಇಬ್ಬರಿಗೂ ಮುಗಿಯಲಿಲ್ಲ. ಜಾಗ ಮೂರೇ ಇರಲಿ ಅಂದದ್ದು ಇದಕ್ಕಾಗಿಯೇ.

ಊಟದ ವಿಷಯವನ್ನೂ ಮೊದಲೇ ಹೇಳಿಟ್ಟಿದ್ದೆ. ಅಲ್ಲಿನ ರಾಷ್ಟ್ರೀಯ ಊಟ ಬೇಯಿಸಿದ ಬಾಳೆಕಾಯಿ ಮತ್ತು ಉಪ್ಪುಮೀನು. ಮೀನು ಬಿಟ್ಟು ಬಾಳೆಕಾಯಿ, ಬೇಳೆ, ಅನ್ನ ಕೊಟ್ಟರು. ಜೊತೆಗೆ ಸುಟ್ಟ ಜೀಗುಜ್ಜೆ (ದೀವಿ ಹಲಸು)! ಅಮ್ಮ ಮುಖ ಅರಳಿಸಿ ಎರಡು ಸಲ ಹಾಕಿಸಿಕೊಂಡರು. ಕಲಲೂ ಅನ್ನುವ ಸೊಪ್ಪಿನ ಸಾರು ನೋಡಲು ಶಾಕಾಹಾರಿಯೇ, ಆದರೆ ಅದರಲ್ಲಿ ಏಡಿಯೋ ಉಪ್ಪು ಮಾಂಸವೋ ಇರಬಹುದು, ಕೇಳಿಯೇ ಕುಡಿಯಿರಿ.

ಮೂರಕ್ಕೆ ಐದು ನಿಮಿಷವಿರುವಾಗ ಬಂದರಿನಲ್ಲಿದ್ದೆವು. ಬಾಕಿ ಹಣವನ್ನು ಅಲ್ಲೇ ಕೊಟ್ಟೆವು. ಅಮೆರಿಕನ್ ಡಾಲರ್ ಎಲ್ಲರೂ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಮಾತ್ರ ಈಸ್ಟ್ ಕೆರಿಬಿಯನ್ ಡಾಲರಿನಲ್ಲಿ ಬರಬಹುದು. ಒಂದು ಅಮೆರಿಕನ್ ಡಾಲರಿಗೆ 2.70 ಅನ್ನುವುದು 1976ರಿಂದ ಬದಲಾಗದ ದರ. ಸಣ್ಣ ನೋಟು ಇಟ್ಟುಕೊಂಡರೆ ಆ ತಾಪತ್ರಯವೂ ಇಲ್ಲ. ಡ್ರೈವರಿಗೆ ಟಿಪ್ಸ್ ಕೊಡುವಾಗ ಕೈ ಬಿಗಿ ಹಿಡಿಯಬೇಡಿ. ಇಡೀ ದಿನ ನಮ್ಮ ಮನೆಯವರನ್ನು ತಮ್ಮ ಮನೆಯವರಂತೆ ನೋಡಿಕೊಂಡವರು ಅವರು.

ಎಲ್ಲ ದ್ವೀಪಕ್ಕೂ ಹೀಗೆ ಗೈಡ್ ಬೇಕು ಅಂತಲ್ಲ. ಬಾರ್ಬಡೋಸ್‌ನಲ್ಲಿ ನಾವು ಯಾರನ್ನೂ ಗೊತ್ತು ಮಾಡಲಿಲ್ಲ. ಅಲ್ಲಿ ಬ್ರಿಜ್‌ಟೌನ್ ಪೇಟೆಯೂ ಬೀಚೂ ಬಂದರಿಗೆ ಹತ್ತಿರ, ಊರಿನ ಬಸ್ಸುಗಳೂ ಚೆನ್ನಾಗಿವೆ. ಗುಡ್ಡ, ಕಾಡು, ತಿರುವು ರಸ್ತೆ ಇರುವ ಡೊಮಿನಿಕಾದಂಥ ದ್ವೀಪಕ್ಕೆ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಮಾತ್ರ ನಾನು ಮತ್ತೆ ಕೂತು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ, ನಾಲ್ಕು ಜನ ಗೈಡ್‌ಗಳಿಗೆ ಮೆಸೇಜ್ ಮಾಡಿ ಯಾರು ತಿರುಗಿ ಪ್ರಶ್ನೆ ಕೇಳುತ್ತಾರೆ ಅಂತ ಕಾಯುತ್ತೇನೆ.